ಬಲ್ಬಣ್ಣನೂ ಬೀಗರ ಟ್ರ್ಯಾಕ್ಟರೂ

ಒಂದು ಕೋಣೆಯಲ್ಲಿ ಒಂದು ಟ್ರ್ಯಾಕ್ಟರು ಮೂರು ವರ್ಷದಿಂದ ಕೂತಿತ್ತು. ಏಳು ಅಂದರೆ ಏಳುತ್ತಿರಲಿಲ್ಲ, ಎಳೆದು ಹಾಕುತ್ತೇವೆ ಅಂದರೆ ಅದರ ಯಜಮಾನರು ಬಿಡುತ್ತಿರಲಿಲ್ಲ. ಅದನ್ನು ಎಬ್ಬಿಸಲು ಹೋದ ಬಲ್ಬಣ್ಣನ ಪಾಡು ಏನಾಯಿತು ಅಂತ ಹೇಳಬೇಕಾದರೆ, ಬಲ್ಬಣ್ಣ ಯಾರು ಅನ್ನುವುದನ್ನು ಮೊದಲು ಹೇಳಬೇಕು.

ಬಲ್ಬಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವರು ಇಟ್ಟ ಹೆಸರು ಪಿಂಚಣಿ ಕಾಗದದಲ್ಲಿದೆ, ಅಲ್ಲಿ ಬಿಟ್ಟರೆ ಇನ್ನೆಲ್ಲೂ ಚಲಾವಣೆಯಲ್ಲಿಲ್ಲ. ಬೇರೆಯವರು ಅಂಗಿಯ ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ಈತ ಎರಡು ತಂತಿ ಬೆಸೆದ, ಗೋಲಿ ಗಾತ್ರದ ಒಂದು ಬಲ್ಬು ಇಟ್ಟುಕೊಳ್ಳುತ್ತಿದ್ದ. ಸರ್ಕಾರಿ ಜೀಪುಗಳ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದ. ಮೂವತ್ತೊಂದು ವರ್ಷವೂ ಕಿಟಕಿ ಪಕ್ಕದ ಅದೇ ಮೇಜು. ಜೀಪು ಅಂಗಳದಲ್ಲಿ ನಿಲ್ಲುತ್ತಿತ್ತು. ಅದರ ಕಾಯಿಲನ್ನೋ ಡೈನಮೋವನ್ನೋ ಬಿಚ್ಚಿ ಒಳಗೆ ತರುವವನು ಒಬ್ಬ, ಒಯ್ದು ಮತ್ತೆ ಜೋಡಿಸುವವನು ಇನ್ನೊಬ್ಬ. ಇಬ್ಬರ ನಡುವೆ, ಮೇಜಿನ ನಾಲ್ಕು ಮೂಲೆಯ ಒಳಗೆ, ಬಲ್ಬಣ್ಣನ ರಾಜ್ಯ. ತಂತಿ ತಾಗಿಸಿದಾಗ ಬಲ್ಬು ಹತ್ತಿದರೆ ಸಾಮಾನು ಸರಿ, ಹತ್ತದಿದ್ದರೆ ಸರಿಯಿಲ್ಲ. "ನನ್ನ ಮೇಜು ದಾಟಿ ಹೋದ ಸಾಮಾನು ಒಂದೂ ವಾಪಸ್ ಬಂದಿಲ್ಲ" ಅನ್ನುತ್ತಿದ್ದ. ಬಂದಿರಲೂ ಇಲ್ಲ.

ಮನೆಯಲ್ಲೂ ಅಂಥದ್ದೇ ಒಂದು ಮೇಜು ಹಾಕಿಕೊಂಡಿದ್ದ. ಇದ್ದದ್ದು ಎರಡು ಕೋಣೆ, ಬೆಳಕು ಬೀಳುತ್ತಿದ್ದದ್ದು ಒಂದಕ್ಕೆ, ಆ ಬೆಳಕನ್ನೆಲ್ಲ ಮೇಜು ನುಂಗಿಕೊಂಡಿತು. ಒಬ್ಬಳೇ ಮಗಳು ಮಹಡಿಯ ಮೆಟ್ಟಿಲ ಮೇಲೆ ಕೂತು ಹೊಲಿಗೆ ಕಲಿತಳು. ಮೇಲಿನ ಮನೆಯವರು ಇಳಿದು ಬಂದಾಗ ಬಟ್ಟೆ ಮುದುರಿಕೊಂಡು ಎದ್ದು ನಿಲ್ಲುವಳು, ಅವರು ಹೋದ ಮೇಲೆ ಮತ್ತೆ ಕೂರುವಳು. ಆಗೆಲ್ಲ ಅದು ಬಲ್ಬಣ್ಣನ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ಮದುವೆಯಾಗಿ ಹೋದ ಮೇಲೆ, ಖಾಲಿ ಮೆಟ್ಟಿಲ ಪಕ್ಕದಲ್ಲಿ ಹಾಯುವಾಗಲೆಲ್ಲ ಬೀಳತೊಡಗಿತು.

ಶನಿವಾರ ಮಗಳ ಫೋನು ಬಂತು.

"ಅಪ್ಪ, ಮುಚ್ಚಿಹೋಗ್ತಿರೋ ಗಾರ್ಮೆಂಟ್ಸ್‌ನವರು ಗುಂಡಿ ತೂತು ಹೊಲಿಯೋ ಎರಡು ಕಾಜಾ ಮೆಷಿನ್ ಕೊಡ್ತಿದ್ದಾರೆ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ವ್ಯಾನು ಬರುತ್ತೆ. ಇಳಿಸೋಕೆ ಜಾಗ ಇಲ್ಲ ಅಂದ್ರೆ ಅದೇ ವ್ಯಾನು ಹಿಂದಿನ ಬೀದಿ ಟೈಲರ್ ಹತ್ರ ಹೋಗುತ್ತೆ."

"ಜಾಗ ಇಲ್ವೇನಮ್ಮ?"

"ಜಾಗ ಇದೆ. ಜಾಗದಲ್ಲಿ ನಿನ್ನ ಬೀಗರ ಟ್ರ್ಯಾಕ್ಟರ್ ಇದೆ."

"ನಾಲ್ಕು ಜನ ಸೇರಿ ತಳ್ಳಿ ಆಚೆ ಹಾಕಿ."

"ಬಂದು ನೀನೇ ಹೇಳಿ ನೋಡು," ಅಂದಳು ಮಗಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ಮೂರು ವರ್ಷ ಒಂದೇ ಮಾತನ್ನು ಹೇಳಿ ಹೇಳಿ ಸವೆದ ದನಿ ಅದು. "ಈಗಿರೋ ಎರಡು ಮೆಷಿನ್ನೂ ಮಂಚದ ಪಕ್ಕ ಇವೆ, ಅಪ್ಪ. ನಿನ್ನ ಅಳಿಯಂದಿರು ಕಾಲು ಚಾಚಿದ್ರೆ ಪೆಡಲ್ ಮೇಲೆ ಬೀಳುತ್ತೆ."

ಈಗ ಬೀಗರ ವಿಷಯ. ಬಲ್ಬಣ್ಣನ ಬೀಗರು, ಅಂದರೆ ಮಗಳ ಮಾವ, ಅಂಗಡಿ ಬೋರ್ಡು ಬರೆದು ಬದುಕಿದವರು. ಬೋರ್ಡಿನ ಮುಂಭಾಗಕ್ಕೆ ಎಷ್ಟು ಕೋಟು ಬಣ್ಣವೋ, ಗೋಡೆಗೆ ಒರಗುವ ಹಿಂಭಾಗಕ್ಕೂ ಅಷ್ಟೇ ಕೋಟು ಹೊಡೆಯುವವರು. ಯಾರು ನೋಡುತ್ತಾರೆ ಅಂತ ಕೇಳಿದರೆ, "ಕಾಣೋ ಕಡೆ ಮಾತ್ರ ಬಳಿಯೋನು ಕಳ್ಳ" ಅನ್ನುವವರು. ಹೂವಿನ ಸಸಿ ಮಾರುವ ತೋಟದವರೊಬ್ಬರು ಕೆಲಸಕ್ಕೆ ಬಾರದ್ದು ಅಂತ ಬಿಟ್ಟ, ತಮಗಿಂತ ನಾಲ್ಕೇ ವರ್ಷ ಚಿಕ್ಕದಾದ ಆ ಪೆಟ್ರೋಲ್ ಟ್ರ್ಯಾಕ್ಟರನ್ನು ಅವರೇ ಓಡಿಸಿಕೊಂಡು ಬಂದು ಮುಂಭಾಗದ ಕೋಣೆಗೆ ಸೇರಿಸಿದ್ದರು. ಬರುವಾಗ ಅದರ ಮೈಮೇಲೆ ಬಣ್ಣವಿರಲಿಲ್ಲ, ಎಂಜಿನ್ನಿನಲ್ಲಿ ಜೀವವಿತ್ತು. ಮೂರು ವರ್ಷ ಕೂತು ಬಣ್ಣ ಹೊಡೆದರು. ಈಗ ಬಣ್ಣವಿತ್ತು, ಜೀವವಿರಲಿಲ್ಲ. ಅಂಗಳದ ಆಚೆ ಬದಿಯಲ್ಲಿ ಅದಕ್ಕಾಗಿಯೇ ತಗಡಿನ ಚಪ್ಪರ ಹಾಕಿಸಿ ಆರು ತಿಂಗಳಾಗಿತ್ತು. ಆದರೆ ತಳ್ಳುವ ಮಾತು ಎತ್ತಿದವರಿಗೆಲ್ಲ ಬೀಗರದು ಒಂದೇ ಉತ್ತರ: "ಓಡ್ತಾ ಬಂದದ್ದು ಓಡ್ತಾನೇ ಹೋಗಬೇಕು. ತಳ್ಳಿಕೊಂಡು ಹೋದ್ರೆ ಬೀದಿಯವರು ಏನಂತಾರೆ? ಬಣ್ಣ ಬಳಿದು ಕೊಂದ ಅಂತಾರೆ."

ಭಾನುವಾರ ಎಂಟು ಗಂಟೆಗೆ ಬಲ್ಬಣ್ಣ ಕೈಚೀಲ ಹಿಡಿದು ಹಾಜರಾದ. ಅಪ್ಪನಿಗೂ ಹೆಂಡತಿಗೂ ನಡುವೆ ಸಿಕ್ಕಿಕೊಳ್ಳುವುದು ಬೇಡ ಅಂತ ಅಳಿಯ ಡ್ಯೂಟಿ ಬದಲಾಯಿಸಿಕೊಂಡು ಬೆಳಗಾಗುವ ಮೊದಲೇ ಕೆಲಸಕ್ಕೆ ಹೋಗಿಬಿಟ್ಟಿದ್ದ. ಕೋಣೆಯ ಎರಡು ಬಾಗಿಲೂ ತೆರೆದಿದ್ದವು. ಒಳಗೆ ಟ್ರ್ಯಾಕ್ಟರು ದಟ್ಟ ನೀಲಿ ಬಣ್ಣದಲ್ಲಿ, ಈಗಷ್ಟೇ ನೀರಿನಿಂದ ಎದ್ದ ಹಾಗೆ ಹೊಳೆಯುತ್ತಿತ್ತು. ಬಲ್ಬಣ್ಣನಿಗೆ ತನ್ನ ಮುಖ ಬಾನೆಟ್ಟಿನಲ್ಲಿ ಕಂಡಿತು, ಕ್ಷೌರ ಮಾಡಿಕೊಂಡಿಲ್ಲ ಅನ್ನುವುದೂ ಕಂಡಿತು.

"ಬನ್ನಿ ಬೀಗರೇ," ಅಂದರು ಬೀಗರು. "ಕೈಗೆ ಉಂಗುರ ಇದ್ರೆ ತೆಗೆದಿಡಿ. ಬೆಲ್ಟಿನ ಬಕಲ್ ತಾಗುತ್ತೆ, ಅಂಗಿ ಹೊರಗೆ ಬಿಟ್ಕೊಳ್ಳಿ. ಗಾಡಿ ಮೇಲೆ ಸ್ಪ್ಯಾನರ್ ಇಡೋ ಹಾಗಿಲ್ಲ."

"ಮತ್ತೆಲ್ಲಿ ಇಡ್ಲಿ, ತಲೆ ಮೇಲಾ?"

"ಅದಕ್ಕೇ ಮೇಜು ಹಾಕಿದೀನಿ ನೋಡಿ. ಏನು ಪರೀಕ್ಷೆ ಮಾಡೋದಿದ್ರೂ ಬಿಚ್ಚಿ ತಗೊಂಡು ಹೋಗಿ ಅಲ್ಲೇ ಮಾಡಿ."

ಕಿಟಕಿ ಪಕ್ಕದಲ್ಲಿ ಮೇಜು, ಮೇಜಿನ ಮೇಲೆ ಹಳೆಯ ಬೆಡ್‌ಶೀಟು. ಅದನ್ನು ನೋಡಿ ಬಲ್ಬಣ್ಣನಿಗೆ ಒಳಗೊಳಗೇ ಹಿತವಾಯಿತು ಅನ್ನಬೇಕು. ಅವನಿಗೂ ಬೇಕಿದ್ದದ್ದು ಅದೇ.

ಬೀಗರು ಹಿಂದಿನ ದಿನವೇ ಹೊಸ ಪೆಟ್ರೋಲ್ ಹಾಕಿ ಬ್ಯಾಟರಿ ಚಾರ್ಜು ಮಾಡಿಸಿಟ್ಟಿದ್ದರು. ಈ ಗಾಡಿಗೆ ಸೆಲ್ಫ್ ಇರಲಿಲ್ಲ, ಮುಂದೆ ಹ್ಯಾಂಡಲ್ ಹಾಕಿ ತಿರುವಬೇಕು. ಬೀಗರು ತಿರುವಿದರು. ಎಂಜಿನ್ನು ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರ ಹಾಗೆ ಒಮ್ಮೆ ಉಸ್ಸೆಂದು ಸುಮ್ಮನಾಯಿತು. ಬಲ್ಬಣ್ಣ ಒಂದು ಪ್ಲಗ್ಗು ಬಿಚ್ಚಿ ಎಂಜಿನ್ನಿಗೆ ಒರಗಿಸಿ ಮತ್ತೆ ತಿರುವಿಸಿದ. ಕಿಡಿ ಇಲ್ಲ. ನಾಲ್ಕೂ ಪ್ಲಗ್ಗು ನೋಡಿದ, ನಾಲ್ಕರಲ್ಲೂ ಇಲ್ಲ.

"ಕಿಡಿ ಇಲ್ಲ," ಅಂದ.

"ಅದು ನಂಗೂ ಗೊತ್ತು. ಯಾಕಿಲ್ಲ ಅಂತ ಹೇಳೋಕೆ ನಿಮ್ಮನ್ನ ಕರೆಸಿದ್ದು."

ಬಲ್ಬಣ್ಣ ಪ್ಲಗ್ಗುಗಳನ್ನು ಮತ್ತೆ ಬಿಗಿದ. ಹೆಣ್ಣು ಕೊಟ್ಟ ಮನೆ, ಬೀಗರು, ಮೇಲಾಗಿ ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವರು. ವರ್ಕ್‌ಶಾಪಿನಲ್ಲಾಗಿದ್ದರೆ ಇದಕ್ಕೆ ಬೇರೆಯೇ ಉತ್ತರವಿತ್ತು.

ಮೊದಲು ಬ್ಯಾಟರಿಯ ಪಟ್ಟಿಗಳನ್ನು ಎಳೆದು ನೋಡಿದ. ಒಂದು ಪಟ್ಟಿ ಸ್ವಿಚ್ಚಿಗೆ ಹೋಗುತ್ತಿತ್ತು, ಹೆಣೆದ ತಾಮ್ರದ ಇನ್ನೊಂದು ಪಟ್ಟಿ ಗಾಡಿಯ ಮೈಗೆ ಬೋಲ್ಟಾಗಿತ್ತು. ಎರಡೂ ಕಲ್ಲಿನಷ್ಟು ಬಿಗಿ. ಸರಿ, ಇನ್ನು ಮೇಜಿನ ಕೆಲಸ. ಬ್ಯಾಟರಿಯನ್ನೇ ಎತ್ತಿ ತಂದು ಮೇಜಿನ ಮೇಲಿಟ್ಟ. ಕಿಡಿ ಹುಟ್ಟಿಸುವ ಕಾಯಿಲ್ ಬಿಚ್ಚಿ ತಂದ, ಎರಡು ತಂತಿ ಕೊಟ್ಟ, ಫಟ್ಟೆಂದು ನೀಲಿ ಕಿಡಿ ಹಾರಿತು. "ಕಾಯಿಲ್ ಸರಿ ಇದೆ." ಬೀಗರು ಬಟ್ಟೆಯಲ್ಲಿ ಅದನ್ನು ಒರೆಸಿಕೊಂಡು ಹೋಗಿ ಜೋಡಿಸಿದರು, ಬ್ಯಾಟರಿ ವಾಪಸ್ ಹೋಯಿತು, ಹ್ಯಾಂಡಲ್ ತಿರುವಿದರು. ಏನೂ ಇಲ್ಲ.

ಬ್ಯಾಟರಿ ಮತ್ತೆ ಮೇಜಿಗೆ ಬಂತು. ಈ ಸಲ ಡಿಸ್ಟ್ರಿಬ್ಯೂಟರು, ಅಂದರೆ ನಾಲ್ಕು ಪ್ಲಗ್ಗಿಗೂ ಸರದಿಯ ಮೇಲೆ ಕಿಡಿ ಹಂಚುವ ಡಬ್ಬಿ. ಅದರ ಮೈಗೆ ಬ್ಯಾಟರಿಯಿಂದ ಕ್ಲಿಪ್ಪಿನ ತಂತಿ ಹಾಕಿ, ಬಲ್ಬು ಹಿಡಿದು ಕೈಯಲ್ಲೇ ತಿರುಗಿಸಿದ. ಒಳಗಿನ ಪಾಯಿಂಟು ತೆರೆದು ಮುಚ್ಚಿದಂತೆಲ್ಲ ಬಲ್ಬು ಕಣ್ಣು ಹೊಡೆಯಿತು. "ಇದೂ ಸರಿ ಇದೆ." ಜೋಡಿಸಿದರು, ತಿರುವಿದರು. ಏನೂ ಇಲ್ಲ. ಕಂಡೆನ್ಸರ್ ಸರಿ, ಗಾಡಿಯಲ್ಲಿ ಏನೂ ಇಲ್ಲ. ಪ್ಲಗ್ಗಿನ ತಂತಿಗಳು ಸರಿ, ಗಾಡಿಯಲ್ಲಿ ಏನೂ ಇಲ್ಲ. ಮೇಜಿನ ಮೇಲೆ ಎಲ್ಲವೂ ಸತ್ಯಸಂಧರೇ, ಗಾಡಿಯೊಳಗೆ ಹೋದ ಕೂಡಲೇ ಎಲ್ಲವೂ ಮೂಗರು.

ಹನ್ನೊಂದಕ್ಕೆ ಮಗಳು ಚಹಾ ತಂದಳು. ಕೈಯಲ್ಲಿ ಅಳತೆಯ ಟೇಪಿತ್ತು. ಟ್ರ್ಯಾಕ್ಟರಿನ ಹಿಂದಿನ ಚಕ್ರದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಗೋಡೆಯಿಂದ ಅಳೆಯತೊಡಗಿದಳು.

"ಏನಮ್ಮ ಅಳೀತಿದೀಯಾ?" ಅಂದರು ಮಾವ.

"ಕತ್ತರಿಸೋ ಮೇಜು ಎಲ್ಲಿ ಬರುತ್ತೆ ಅಂತ ನೋಡ್ತಿದೀನಿ, ಮಾವ."

"ಗಾಡಿ ಇನ್ನೂ ಇಲ್ಲೇ ಇದೆಯಲ್ಲ."

"ಅದು ನಂಗೆ ಕಾಣ್ತಿದೆ, ಮಾವ," ಅಂದವಳು ಅಪ್ಪನ ಕಡೆ ನೋಡದೆ ಲೋಟ ಎತ್ತಿಕೊಂಡು ಹೋದಳು. ನೋಡಿದ್ದರೇ ವಾಸಿಯಿತ್ತು ಅನಿಸಿತು ಬಲ್ಬಣ್ಣನಿಗೆ.

ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಏಳು ಸಲ ಮೇಜಿಗೆ ಬಂದು ಏಳು ಸಲ ಗಾಡಿಗೆ ಹೋಗಿತ್ತು. ಬಲ್ಬಣ್ಣನ ಸೊಂಟ ಹಿಡಿದುಕೊಂಡಿತ್ತು. ತಾನು ತಂದಿದ್ದ ಹೊಸ ಪಾಯಿಂಟು ಹಾಕಿ ನೋಡಿದ. ಹೊಸ ಕಂಡೆನ್ಸರ್ ಹಾಕಿ ನೋಡಿದ. ಆಮೇಲೆ ಹಳೆಯದನ್ನೇ ಮತ್ತೆ ಹಾಕಿದ, ಯಾಕೆಂದರೆ ಹಳೆಯದೂ ಸರಿಯಿತ್ತು, ಸರಿಯಿರುವುದನ್ನು ಬದಲಾಯಿಸುವುದು ಅವನ ಮೇಜಿನ ಮರ್ಯಾದೆಗೆ ಕಮ್ಮಿ. ಊಟಕ್ಕೆ ಕೂತಾಗಲೂ ಅನ್ನ ಕಲಸುತ್ತ ಬೆರಳಲ್ಲೇ ತಂತಿಗಳ ಲೆಕ್ಕ ಹಾಕಿದ. ಬೀಗರು ಎದುರಿಗೆ ಕೂತು ಉಸಿರು ಬಿಟ್ಟರು.

"ಬಣ್ಣ ಹೊಡೆಯೋಕೆ ಮುಂಚೆ ಚೆನ್ನಾಗಿ ಓಡ್ತಿತ್ತು, ಬೀಗರೇ."

ಈ ಮಾತನ್ನು ಅವರು ಬೆಳಗ್ಗೆಯಿಂದ ಆರನೆಯ ಸಲ ಹೇಳುತ್ತಿದ್ದರು. ಆರು ಸಲವೂ ಬಲ್ಬಣ್ಣ ಅದನ್ನು ಕೊಂಕು ಅಂತ ಕೇಳಿಸಿಕೊಂಡನೇ ಹೊರತು ಸುಳಿವು ಅಂತ ಕೇಳಿಸಿಕೊಳ್ಳಲಿಲ್ಲ.

"ಚೆನ್ನಾಗಿ ಓಡ್ತಿದ್ದದ್ದನ್ನ ನಿಲ್ಲಿಸಿದವರು ಯಾರು ಮತ್ತೆ?"

"ಬಣ್ಣಕ್ಕೂ ಕಿಡಿಗೂ ಏನು ಸಂಬಂಧ ಹೇಳಿ. ನಾನು ಮೈಗೆ ಬಳಿದೆ, ಕರೆಂಟಿಗೆ ಬಳಿದ್ನಾ?"

"ನಾನೂ ಅದನ್ನೇ ಹೇಳ್ತಿರೋದು. ಸಾಮಾನೆಲ್ಲ ಸರಿ ಇದೆ."

"ಎಲ್ಲ ಸರಿ ಇದ್ರೆ ಓಡಬೇಕಲ್ಲ."

"ಓಡಬೇಕು."

"ಓಡ್ತಿಲ್ಲ."

"ಕಾಣ್ತಿದೆ," ಅಂದ ಬಲ್ಬಣ್ಣ. ಒಳಗಿನ ಕೋಣೆಯಿಂದ ಹೊಲಿಗೆ ಮೆಷಿನ್ನಿನ ಸದ್ದು ಕೇಳುತ್ತಿತ್ತು. ಒಂದಷ್ಟು ದೂರ ಓಡುವುದು, ನಿಲ್ಲುವುದು. ಯಾರೋ ಮಂಚಕ್ಕೂ ಗೋಡೆಗೂ ನಡುವೆ ನುಸುಳಿ ಬಟ್ಟೆ ತಿರುಗಿಸುವ ಸದ್ದು, ಮತ್ತೆ ಓಡುವುದು. ಆ ನಿಲ್ಲುವ ಹೊತ್ತು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೆಟ್ಟಿಲ ಮೇಲಿಂದ ಎದ್ದು ನಿಲ್ಲುವಷ್ಟೇ ಹೊತ್ತು ಅದು.

ಮೂರು ಗಂಟೆಗೆ ಬಲ್ಬಣ್ಣ ಡಿಸ್ಟ್ರಿಬ್ಯೂಟರನ್ನು ಕಡೆಯ ಸಲ ಅಂತ ಬಿಚ್ಚಿ ಬ್ಯಾಟರಿ ಜೊತೆ ಮೇಜಿಗೆ ತಂದ. ಅದರ ಮೈಗೆ ಕ್ಲಿಪ್ಪಿನ ತಂತಿ ಸಿಕ್ಕಿಸಿದ, ಬಲ್ಬು ಹಿಡಿದು ತಿರುಗಿಸಿದ. ಬಲ್ಬು ಪಾಪ ಮತ್ತೆ ಕಣ್ಣು ಹೊಡೆಯಿತು.

"ಏನಂತೆ?" ಅಂದರು ಬೀಗರು.

"ಸರಿ ಇದೆಯಂತೆ."

"ನಿಮ್ಮ ಬಲ್ಬೇ ಸುಳ್ಳು ಹೇಳ್ತಿರಬೇಕು."

ಬಲ್ಬಣ್ಣನ ಪಿತ್ತ ನೆತ್ತಿಗೇರಿತು. ಬೀಗರು ಅನ್ನುವುದೂ ಮರೆಯಿತು, ಎರಡು ವರ್ಷ ದೊಡ್ಡವರು ಅನ್ನುವುದೂ ಮರೆಯಿತು. "ಮೂವತ್ತೊಂದು ವರ್ಷ ಸುಳ್ಳು ಹೇಳದ ಬಲ್ಬು ನಿಮ್ಮ ಮನೆಗೆ ಬಂದು ಸುಳ್ಳು ಹೇಳುತ್ತಾ? ಹಿಡೀರಿ ಇದನ್ನ," ಅಂತ ಬ್ಯಾಟರಿಯನ್ನು ಬೀಗರ ತೋಳಿಗೆ ಹೇರಿ, ಡಿಸ್ಟ್ರಿಬ್ಯೂಟರನ್ನು ತಾನು ಹಿಡಿದು ಗಾಡಿಯತ್ತ ನಡೆದ. ನಡುವೆ ಕ್ಲಿಪ್ಪಿನ ತಂತಿ ಜೋಲಾಡುತ್ತಲೇ ಇತ್ತು. ಅದನ್ನು ಬಿಚ್ಚುವಷ್ಟು ತಾಳ್ಮೆ ಇಬ್ಬರಿಗೂ ಉಳಿದಿರಲಿಲ್ಲ. "ಈ ತಂತಿ ಬಣ್ಣಕ್ಕೆ ತಾಗುತ್ತೆ" ಅಂದ ಬೀಗರ ಮಾತನ್ನು ಬಲ್ಬಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ತಂತಿ ಸಮೇತ ಹಾಗೇ ಜೋಡಿಸಿದ, ಸ್ವಿಚ್ಚು ಒತ್ತಿದ.

"ತಿರುವಿ."

ಬೀಗರು ತಿರುವಿದರು.

ಎಂಜಿನ್ನು ಗುಡುಗಿತು. ಹೊಗೆಯ ಕೊಳವೆಯಿಂದ ಮೂರು ವರ್ಷದ ಧೂಳು ಹೊರಬಂತು, ಕಿಟಕಿಯ ಗಾಜು ಅದುರಿತು, ಬೀಗರು ಹ್ಯಾಂಡಲ್ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಹಾರಿದರು. ಬಲ್ಬಣ್ಣನೂ ಬೆದರಿದ. ಬೆದರಿದ ಭರದಲ್ಲಿ ಕೈ ತಂತಿಗೆ ತಾಗಿತು, ಕ್ಲಿಪ್ಪು ಕಳಚಿತು, ಎಂಜಿನ್ನು ನಿಂತಿತು.

ಬಲ್ಬಣ್ಣ ಕೈಯಲ್ಲಿದ್ದ ಕ್ಲಿಪ್ಪನ್ನೂ ಬ್ಯಾಟರಿಯನ್ನೂ ಎರಡೆರಡು ಸಲ ನೋಡಿದ. ಕ್ಲಿಪ್ಪು ಸಿಕ್ಕಿಸಿ ತಿರುವಿಸಿದ, ಎಂಜಿನ್ನು ಎದ್ದಿತು. ತೆಗೆದ, ಸತ್ತಿತು. ಆಮೇಲೆ ನೆಲದ ಮೇಲೆ ಅಂಗಾತ ಮಲಗಿ, ಬ್ಯಾಟರಿಯಿಂದ ಗಾಡಿಯ ಮೈಗೆ ಬೋಲ್ಟಾಗಿದ್ದ ತಾಮ್ರದ ಪಟ್ಟಿಯನ್ನು ಬಿಚ್ಚಿದ. ಪಟ್ಟಿಯ ಕೆಳಗೆ, ಕಬ್ಬಿಣವಿರಬೇಕಾದ ಕಡೆ, ನೀಲಿ ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೋಲ್ಟಿನ ತಿರುಪಿಗೂ ನೀಲಿ. ವಾಷರಿಗೂ ನೀಲಿ, ಎರಡು ಕಡೆಯೂ.

ಕರೆಂಟು ಬ್ಯಾಟರಿಯಿಂದ ಹೊರಟು ಕಾಯಿಲ್ಲು, ಡಿಸ್ಟ್ರಿಬ್ಯೂಟರು ಎಲ್ಲ ಸುತ್ತಿ ಗಾಡಿಯ ಕಬ್ಬಿಣದ ಮೈ ಮೂಲಕವೇ ಬ್ಯಾಟರಿಗೆ ವಾಪಸ್ ಬರಬೇಕು. ಬರುವ ಬಾಗಿಲು ಆ ಪಟ್ಟಿ. ಆ ಬಾಗಿಲಿಗೆ ಬೀಗರು ಬಣ್ಣದ ಅಗುಳಿ ಹಾಕಿಬಿಟ್ಟಿದ್ದರು. ಮೇಜಿನ ಮೇಲೆ ಬಲ್ಬಣ್ಣನ ಕ್ಲಿಪ್ಪು ಪ್ರತಿ ಸಲವೂ ಆ ಬಾಗಿಲನ್ನು ತಾನೇ ತೆರೆದು ಕೊಡುತ್ತಿತ್ತು. ಹಾಗಾಗಿ ಅಲ್ಲಿ ಎಲ್ಲವೂ ಸರಿ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಅವನು ಮೇಜು ಬಿಟ್ಟೆದ್ದು ಗಾಡಿಯ ಮೈಗೆ ಬಲ್ಬು ಹಿಡಿದವನಲ್ಲ.

"ಇದರ ಕೆಳಗೂ ಬಣ್ಣ ಬಳಿದ್ರಾ?" ಅಂದ, ಮಲಗಿಕೊಂಡೇ.

"ಬಳಿಯದೆ ಬಿಡ್ತಾರಾ? ಮೂರು ಕೋಟು. ಬೋಲ್ಟುಗಳನ್ನ ಡಬ್ಬಿಯಲ್ಲೇ ಅದ್ದಿ ತೆಗೆದೆ, ತುಕ್ಕು ಹಿಡಿಬಾರದು ಅಂತ."

"ಕೆರೆಯಬೇಕು."

"ಏನನ್ನ?"

"ಬಣ್ಣಾನ."

ಬೀಗರು ಎರಡೂ ಕೈ ಅಡ್ಡ ಹಿಡಿದರು. "ಸಾಧ್ಯ ಇಲ್ಲ. ನಿಮ್ಮ ಆ ತಂತೀನೇ ಇರಲಿ ಬಿಡಿ. ಅದು ಹಾಕಿದ್ರೆ ಓಡುತ್ತಲ್ಲ."

"ಜೋಲಾಡೋ ತಂತಿ ಬಿಟ್ಟು ಗಾಡಿ ಕಳಿಸೋಕೆ ನಾನೇನು ರಸ್ತೆ ಬದಿ ಮೆಕ್ಯಾನಿಕ್ಕಾ? ಅದು ಪರೀಕ್ಷೆಗೆ ಹಾಕೋ ತಂತಿ. ಅಷ್ಟಗಲ ಕೆರೆದ್ರೆ ಯಾರಿಗೆ ಕಾಣುತ್ತೆ, ಪಟ್ಟಿ ಕೆಳಗೆ ಇರೋದು?"

"ಕಾಣದ ಕಡೆ ಅಂತಲೇ ನಾನು ಕೆರೆಯಲ್ಲ ಅಂತಿರೋದು. ಕಾಣೋ ಕಡೆ ಹೇಳಿ, ಯೋಚನೆ ಮಾಡೋಣ."

"ಹಾಗಾದ್ರೆ ಬಾನೆಟ್ ಮೇಲೆ ಕೆರೆಯಲಾ?"

"ಬೀಗರೇ, ಮಾತು ಬಿಗಿ ಇರಲಿ."

ಒಬ್ಬರಿಗೆ ಕಾಣದ ಗೀರು ಬೇಡ, ಒಬ್ಬನಿಗೆ ಕಾಣುವ ತಂತಿ ಬೇಡ. ಇಬ್ಬರೂ ಬಾಗಿಲ ಹತ್ತಿರ ನಿಂತು ತಮ್ಮ ತಮ್ಮ ಕಸುಬಿನ ಮಾನ ಮರ್ಯಾದೆಯನ್ನು ಕಾಲು ಗಂಟೆ ಎತ್ತಿ ಹಿಡಿದರು. ಬೀಗರು ತಾವು ಬರೆದ ಔಷಧಿ ಅಂಗಡಿಯ ಬೋರ್ಡು ಇಪ್ಪತ್ತೆರಡು ವರ್ಷ ಬಿಸಿಲಲ್ಲಿ ನಿಂತದ್ದನ್ನು ಹೇಳಿದರು. ಬಲ್ಬಣ್ಣ ತನ್ನ ಮೇಜು ದಾಟಿ ವಾಪಸ್ ಬರದ ಸಾಮಾನುಗಳ ಪಟ್ಟಿ ಹೇಳಿದ. ಎಂಜಿನ್ನಿನ ಸದ್ದು ಕೇಳಿ ಓಡಿ ಬಂದಿದ್ದ ಮಗಳು ಸ್ವಲ್ಪ ಹೊತ್ತು ಇಬ್ಬರನ್ನೂ ಕೇಳಿಸಿಕೊಂಡಳು. ಆಮೇಲೆ ಮಾವನ ಬಣ್ಣದ ಪೆಟ್ಟಿಗೆಯಿಂದ ಒಂದು ತುಂಡು ಉಜ್ಜುವ ಎಮರಿ ಕಾಗದ ತೆಗೆದುಕೊಂಡು, ಸೆರಗು ಸಿಕ್ಕಿಸಿ, ಗಾಡಿಯ ಅಡಿಗೆ ಬಗ್ಗಿದಳು.

ಪರಪರ ಸದ್ದು ಕೇಳಿದಾಗಲೇ ಇಬ್ಬರೂ ತಿರುಗಿದ್ದು.

"ಏನು ಮಾಡ್ತಿದೀಯಮ್ಮ?" ಅಂದರು ಮಾವ.

"ಉಜ್ತಿದೀನಿ, ಮಾವ. ಅಪ್ಪ, ಬೆಳ್ಳಗೆ ಕಂಡರೆ ಸಾಕಾ, ಇನ್ನೂ ಉಜ್ಜಬೇಕಾ?"

ಬಲ್ಬಣ್ಣ ಬಗ್ಗಿ ನೋಡಿದ. ಕಬ್ಬಿಣ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. "ಸಾಕು," ಅಂದ. "ಬೋಲ್ಟಿನ ತಿರುಪು, ವಾಷರ್ರು..."

"ಅವು ಆಗಲೇ ಆಯ್ತು."

ಬೀಗರು ಗೋಡೆಗೆ ಕೈಕೊಟ್ಟು ನಿಂತು, ಕಾಗದದಿಂದ ನೆಲಕ್ಕೆ ಉದುರಿದ ನೀಲಿ ಪುಡಿಯನ್ನು ನೋಡಿದರು. ಬಲ್ಬಣ್ಣ ಪಟ್ಟಿ ಬಿಗಿದ. ಈ ಸಲ ಮೇಜಿನ ಕಡೆ ಹೋಗಲಿಲ್ಲ. ಜೇಬಿನಿಂದ ಬಲ್ಬು ತೆಗೆದು, ಒಂದು ತಂತಿಯನ್ನು ಬ್ಯಾಟರಿಗೂ ಇನ್ನೊಂದನ್ನು ಎಂಜಿನ್ನಿನಲ್ಲಿ ಬಣ್ಣ ಹತ್ತದ ಒಂದು ಪ್ಲಗ್ಗಿನ ಮೈಗೂ ಹಿಡಿದು ನೋಡಿದ. ಹತ್ತಿತು.

"ತಿರುವಿ, ಬೀಗರೇ."

ಅರ್ಧ ಸುತ್ತಿಗೇ ಎಂಜಿನ್ನು ಎದ್ದಿತು. ಬೀಗರು ಹತ್ತಿ ಕೂತರು. ಗೇರು ಹಾಕಿದರು, ಒಂದು ಸಲ ಮುಗ್ಗರಿಸಿ ಮೂರು ವರ್ಷ ಕೂತಿದ್ದ ಟ್ರ್ಯಾಕ್ಟರು ಬಾಗಿಲು ದಾಟಿ ಬಿಸಿಲಿಗೆ ಬಂತು. ಬೀದಿಯವರು ಕಾಂಪೌಂಡಿನ ಮೇಲಿಂದ ಇಣುಕಿದರು. ಬೀಗರು ಅಂಗಳದಲ್ಲಿ ಒಂದು ಸುತ್ತು ಹೊಡೆದರು, ಎರಡನೆಯದು ಹೊಡೆದರು. ಚಪ್ಪರದ ಕಡೆ ಹೋಗಿ ನಿಲ್ಲಿಸುವ ಲಕ್ಷಣವೇ ಕಾಣಲಿಲ್ಲ. ನಾಲ್ಕನೆಯ ಸುತ್ತಿಗೆ ಬಲ್ಬಣ್ಣ ಅಡ್ಡ ಬಂದ.

"ನಿಲ್ಲಿಸಿ, ಪೆಟ್ರೋಲ್ ಮುಗಿಯುತ್ತೆ."

"ನಿಲ್ಲಿಸಿದ ಮೇಲೆ ಮತ್ತೆ ಏಳದಿದ್ರೆ?"

"ಏಳುತ್ತೆ ಬೀಗರೇ."

"ಗ್ಯಾರಂಟಿ ಏನು? ಏಳದಿದ್ರೆ ವಾಪಸ್ ಒಳಗೆ ತಳ್ಳಬೇಕಾಗುತ್ತೆ. ಬಿಸಿಲಿಗೆ ಬಣ್ಣ ಕೆಡುತ್ತೆ." ಹೀಗಂದು ಅವರು ಕೋಣೆಯ ಕಡೆಗೇ ಸ್ಟಿಯರಿಂಗ್ ತಿರುಗಿಸಿದರು.

ಅಷ್ಟರಲ್ಲಿ ಕೋಣೆಯ ಎರಡು ಬಾಗಿಲೂ ಒಂದರ ಹಿಂದೆ ಒಂದು ಮುಚ್ಚಿದವು. ಒಳಗಿನಿಂದ ಚಿಲಕ ಬಿದ್ದ ಸದ್ದು ಎಂಜಿನ್ನಿನ ಗದ್ದಲದಲ್ಲೂ ಕೇಳಿಸಿತು.

ಬೀಗರು ಬಾಗಿಲ ಮುಂದೆ ಬ್ರೇಕು ಹಾಕಿ, "ಏನಮ್ಮ ಇದು?" ಅಂದರು.

"ಕಸ ಗುಡಿಸ್ತಿದೀನಿ, ಮಾವ," ಅಂದಿತು ಒಳಗಿನ ದನಿ. "ಧೂಳು ಆಚೆ ಬಂದ್ರೆ ನಿಮ್ಮ ಬಣ್ಣದ ಮೇಲೆ ಕೂರುತ್ತೆ. ಚಪ್ಪರಕ್ಕೆ ಹೋಗಿ."

ಬೀಗರು ಬಲ್ಬಣ್ಣನ ಮುಖ ನೋಡಿದರು. ಬಲ್ಬಣ್ಣ ತನಗೂ ಅದಕ್ಕೂ ಸಂಬಂಧವಿಲ್ಲದವನ ಹಾಗೆ ಎಣ್ಣೆಯ ಕೈಯನ್ನು ಅಂಗಿಯ ತುದಿಯಲ್ಲಿ ಒರೆಸಿಕೊಳ್ಳುತ್ತ ಕಿಟಕಿಯ ಹತ್ತಿರ ಹೋದ. ಒಳಗೆ ಮಗಳು ಸೆರಗು ಬಿಗಿದುಕೊಂಡು ಬೆಡ್‌ಶೀಟು ತೆಗೆದ ಮೇಜನ್ನು ಒಬ್ಬಳೇ ಪಕ್ಕದಿಂದ ಕಿಟಕಿಯ ನೇರ ಬೆಳಕಿಗೆ ಎಳೆಯುತ್ತಿದ್ದಳು. ಮೇಜಿನ ಕಾಲು ನೆಲವನ್ನು ಕೆರೆದು ಕಿರುಗುಟ್ಟಿತು. "ಕೈ ಕೊಡಲೇನಮ್ಮ?" ಅಂದ ಸರಳಿನ ಆಚೆಯಿಂದ.

"ಬೇಡ ಅಪ್ಪ," ಅಂದಳು ಅವಳು. "ನೀನು ಬಂದ್ರೆ ಇದರ ಮೇಲೆ ಏನಾದ್ರೂ ಬಿಚ್ಚಿಡ್ತೀಯ."